ಏಕಾದಶಿಯ ತಾಟು

ಆಷಾಢ ಏಕಾದಶಿ, ಬೆಳಗಿನ ಆರೂವರೆ. ಕಲ್ಯಾಣ ಪಶ್ಚಿಮದಲ್ಲಿ ಅತ್ತಿಯ ಅಡುಗೆಮನೆ. ಕಿಟಕಿಯಾಚೆ ಸಣ್ಣ ಮಳೆ. ಕಸಾರಾ ಕಡೆಯ ಲೋಕಲ್ ಕೂಗಿ ಹೋಗುತ್ತದೆ, ಹಿಂದೆಯೇ ಓಣಿಯಲ್ಲಿ ಪಾವ್ ಮಾರುವವನ ಸೈಕಲ್ ಗಂಟೆ. ಇವತ್ತು ಅವನನ್ನು ಯಾರೂ ನಿಲ್ಲಿಸುವುದಿಲ್ಲ.

ರಾತ್ರಿ ನೆನೆಸಿಟ್ಟ ಸಾಬೂದಾಣಿಯ ಒಂದು ಕಾಳನ್ನು ಅತ್ತಿ ಎರಡು ಬೆರಳ ನಡುವೆ ಒತ್ತುತ್ತಾಳೆ. ಬೆಣ್ಣೆಯಂತೆ ಚಪ್ಪಟೆಯಾಗುತ್ತದೆ, ಒಳಗೆ ಗಟ್ಟಿ ಉಳಿದಿಲ್ಲ. "ಆಗ್ಯದ," ಎನ್ನುತ್ತಾಳೆ. ನನಗೆ ಶೇಂಗಾ ಹುರಿಯುವ ಕೆಲಸ. "ಸಣ್ಣ ಉರಿ ಇಡೋ ತಮ್ಮಾ, ಕರಕಾಗಬಾರ್ದು." ಸಿಪ್ಪೆ ತಿಕ್ಕಿ, ಊದಿ, ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟುತ್ತೇನೆ. ಆ ಪುಡಿ, ಸೈಂಧವ ಉಪ್ಪು, ಚೂರು ಸಕ್ಕರೆ ಒಲೆಗೇರುವ ಮೊದಲೇ ಸಾಬೂದಾಣಿಗೆ ಸೇರಬೇಕು. ಕಾಳು ಒಂದಕ್ಕೊಂದು ಅಂಟದಿರುವ ಗುಟ್ಟು ಅದೇ.

ತುಪ್ಪದಲ್ಲಿ ಜೀರಿಗೆ ಸಿಡಿಯುತ್ತದೆ. ಹಸಿಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಕೆಮ್ಮುತ್ತೇವೆ. ಬಟಾಟಿ ಹೋಳು ಬೀಳುತ್ತವೆ.

ಅಕ್ಕಿ, ಗೋದಿ, ಜೋಳ ಇವತ್ತು ನಿಷಿದ್ಧ. ಆದರೆ ಬಾಣಲೆಯಲ್ಲಿರುವುದನ್ನು ನೋಡಿ: ಮೆಣಸಿನಕಾಯಿ, ಬಟಾಟಿ, ಶೇಂಗಾ ಮೂರೂ ಅಮೆರಿಕ ಖಂಡಗಳಿಂದ ಬಂದವು. ಸಾಬೂದಾಣಿ ಸೇಲಂ ಕಡೆಯ ಕಾರ್ಖಾನೆಯದಾದರೂ ಅದು ಮರಗೆಣಸಿನ ಹಿಟ್ಟು, ಮರಗೆಣಸಿನ ತವರು ಬ್ರೆಜಿಲ್ ಸೀಮೆ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಬಟಾಟಿ, ಪಾವ್ ಎಂಬ ಹೆಸರುಗಳೂ ಅವರವೇ. ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗೆ ಹರಿಯುವ ಉಲ್ಹಾಸ ನದಿ ವಸಯಿಯ ಖಾರಿಗೆ ಹೋಗಿ ಸೇರುತ್ತದೆ. ಆ ವಸಯಿ 1534ರಿಂದ 1739ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು.

ಬ್ರೆಜಿಲ್‌ನ ರಾಜಧಾನಿಯಲ್ಲಿ ಈಗ ರಾತ್ರಿ ಹತ್ತು. ಬೆಳಗಾದರೆ ಅಲ್ಲಿನ ಈಶಾನ್ಯ ಸೀಮೆಯ ಮನೆಗಳಲ್ಲೂ ಮರಗೆಣಸೇ. ತೇವದ ಹಿಟ್ಟನ್ನು ಎಣ್ಣೆಯಿಲ್ಲದ ಬಿಸಿ ಹೆಂಚಿನ ಮೇಲೆ ಉದುರಿಸುತ್ತಾರೆ. ನಾವು ಬೇಡವೆನ್ನುವುದೇ ಅವರಿಗೆ ಬೇಕು: ಕಣಗಳು ಕಾವಿಗೆ ಒಂದಕ್ಕೊಂದು ಅಂಟಿ ಬಿಳಿ ರೊಟ್ಟಿಯಾಗಬೇಕು. ಒಳಗೆ ಕಾಯಿತುರಿ, ಚೀಸ್. ಹೆಸರು ತಪಿಯೋಕ, ತುಪಿ ಜನರ ನುಡಿಯಿಂದ ಬಂದದ್ದು. ಜೊತೆಗೆ ಹಾಲು ಬೆರೆಸಿದ ಕಾಫಿ. ತಿಂಡಿಗೆ ಅವರು ಹೇಳುವುದೇ 'ಬೆಳಗಿನ ಕಾಫಿ' ಎಂದು. ಪಟ್ಟಣಗಳಲ್ಲಾದರೆ ಬೆಣ್ಣೆ ಹಚ್ಚಿ ಕಾವಲಿಯ ಮೇಲೆ ಒತ್ತಿದ ಪಾವ್. ನಮ್ಮ ಸ್ಟೇಷನ್ ಹೊರಗಿನ ಮಸ್ಕಾ ಪಾವ್‌ನ ಅಣ್ಣನೇ ಸರಿ.

ಇದನ್ನೆಲ್ಲ ಹೇಳಿದರೆ ಅತ್ತಿ ಸೌಟು ನಿಲ್ಲಿಸಿ ನೋಡುತ್ತಾಳೆ. "ಖರೇನ? ವಿಜಾಪುರದಾಗ ನಮ್ಮವ್ವನೂ ಹಿಂಗಽ ಮಾಡ್ತಿದ್ಲಲ್ಲೋ!" ಎರಡೂ ಖರೆ ಅತ್ತಿ.

ಕಾಳುಗಳು ಈಗ ಗಾಜಿನ ಮಣಿಯಂತೆ ಪಾರದರ್ಶಕ. ಇನ್ನೊಂದು ನಿಮಿಷ ಹೆಚ್ಚಾದರೆ ರಬ್ಬರಾಗುತ್ತವೆ. ಉರಿ ಆರಿಸುತ್ತಾಳೆ, ಉಪ್ಪಿನ ರುಚಿ ನೋಡುವುದಿಲ್ಲ. ಮೊದಲ ತಾಟು ವಿಠ್ಠಲನ ಪಟದ ಮುಂದೆ ಹೋಗುತ್ತದೆ, ಮೇಲೊಂದು ತುಳಸಿ ದಳ. ನಾನು ಬಾಣಲೆಯ ತಳಕ್ಕೆ ಹತ್ತಿದ ಕೆಂಪು ಚಕ್ಕಳಿಕೆ ಕೆರೆಯಲು ಚಮಚ ಹಿಡಿದು ಕಾಯುತ್ತಿದ್ದೇನೆ.