ಆರು ಕಂತು ಮಾಡಿದರು, ಎರಡೇ ತೋರಿಸಿದರು

ಕಾರ್ಟೂನ್ ಚೆನ್ನಾಗಿತ್ತಾ, ಇಲ್ಲವಾ? 'ಕ್ಲರ್ಕ್ಸ್' ವಿಷಯದಲ್ಲಿ ನೋಡಿದವರ ಮಾತು ಇವತ್ತಿಗೂ ಒಂದಾಗಿಲ್ಲ.

ಮೊದಲು ಅದು ಸಿನಿಮಾ. ಒಬ್ಬ ಅಂಗಡಿ ಹುಡುಗ, ಪಕ್ಕದ ವಿಡಿಯೊ ಕ್ಯಾಸೆಟ್ ಅಂಗಡಿಯ ಇನ್ನೊಬ್ಬ, ಇವರಿಬ್ಬರ ಹರಟೆಯೇ ಕಥೆ. ಅಮೆರಿಕದ ಕೆವಿನ್ ಸ್ಮಿತ್ ತಾವು ಕೆಲಸಕ್ಕಿದ್ದ ಅಂಗಡಿಯಲ್ಲೇ ರಾತ್ರಿ ಹೊತ್ತು ಚಿತ್ರೀಕರಿಸಿ, 1994ರಲ್ಲಿ ಬಿಡುಗಡೆ ಮಾಡಿದರು.

2000ದಲ್ಲಿ ಅದೇ ಟಿ.ವಿ. ಕಾರ್ಟೂನ್ ಆಯಿತು. 6 ಕಂತು ತಯಾರಾಗಿದ್ದವು. ಎಬಿಸಿ ಚಾನೆಲ್ ಮೊದಲು ನಾಲ್ಕನೆಯದನ್ನು, ಮುಂದಿನ ವಾರ ಎರಡನೆಯದನ್ನು ಹಾಕಿ ನಿಲ್ಲಿಸಿಬಿಟ್ಟಿತು. ಎರಡನೇ ಕಂತಿನಲ್ಲಿ ಇಬ್ಬರೂ ಫ್ರೀಜರ್ ಕೋಣೆಯಲ್ಲಿ ಸಿಕ್ಕಿಕೊಂಡು 'ಹಳೆಯ ದಿನ' ನೆನೆಯುತ್ತಾರೆ. ಆ ಹಳೆಯ ದಿನ ಅಂದರೆ ಮೊದಲನೇ ಕಂತು! ಅದನ್ನೇ ತೋರಿಸದಿದ್ದರೆ ನಗೋದು ಹೇಗೆ?

ಸಿನಿಮಾ ಮೆಚ್ಚಿದ ಕೆಲವರಿಗೆ ಬೈಗುಳವಿಲ್ಲದ ಕಾರ್ಟೂನ್ ಸಪ್ಪೆ ಅನಿಸಿತು. ಆಮೇಲೆ ಡಿವಿಡಿಯಲ್ಲಿ ಆರೂ ಕಂತು ಸಾಲಾಗಿ ನೋಡಿದ ಹಲವರು ಮಾತ್ರ, ಇಂಥದ್ದನ್ನು ಯಾಕೆ ನಿಲ್ಲಿಸಿದರು ಅಂತ ಇನ್ನೂ ಕೇಳುತ್ತಾರೆ.

ಜಿಲ್ಲೆಯಿಂದ ಸುದ್ದಿ ಕಳಿಸುವ ನಮಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಕೆರೆ ಒತ್ತುವರಿ ಬಗ್ಗೆ ಐದು ಪ್ಯಾರಾ ಬರೆದರೆ ಎರಡು ಅಚ್ಚಾಗುತ್ತದೆ, ಅದೂ ಹಿಂದುಮುಂದಾಗಿ. ಬೆಳಿಗ್ಗೆ ಹೋಟೆಲ್ ಮುಂದೆ, 'ಏನ್ ಬರೆದಿದೀರಿ ಸ್ವಾಮಿ, ತಲೆಬುಡ ಗೊತ್ತಾಗಲ್ಲ' ಅಂತಾರೆ. ಕೆಲ ದಿನ ಕಳೆದರೆ ಮೇಲಿನವರು, 'ಕೆರೆ ಸುದ್ದಿ ಯಾರೂ ಓದಲ್ಲ, ಬೇಡ' ಅಂತಾರೆ. ಒತ್ತುವರಿ ಮಾತ್ರ ಹಾಗೇ ಇರುತ್ತದೆ.

ಅದಕ್ಕೇ, 'ಜನಕ್ಕೆ ಇದು ಬೇಡ' ಅಂತ ಯಾರಾದರೂ ಹೇಳಿದರೆ ನಾವು ಕೇಳಬೇಕಾದ್ದು ಒಂದೇ: ಜನಕ್ಕೆ ಎಷ್ಟು ತೋರಿಸಿದಿರಿ?