ಮೊಣಕೈಯಲ್ಲಿ ಹೆಲ್ಮೆಟ್ಟು

ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಬೈಕುಗಳನ್ನು ಗಮನಿಸಿದರೆ ಒಂದು ತಮಾಷೆ ಕಾಣುತ್ತದೆ. ಆಯನೂರಿನಲ್ಲಿ ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುತ್ತದೆ. ತ್ಯಾವರೆಕೊಪ್ಪ ದಾಟುವಾಗ ಮೊಣಕೈಗೆ ಬಂದಿರುತ್ತದೆ. ಗಾಡಿಕೊಪ್ಪ ಕಳೆದು ಆಲ್ಕೊಳ ಸರ್ಕಲ್ ಹತ್ತಿರವಾಗುತ್ತಿದ್ದಂತೆ ತಲೆಗೇರುತ್ತದೆ. ಸರ್ಕಲ್ಲಿನಲ್ಲಿ ಪೊಲೀಸರಿಲ್ಲ ಎಂದು ಗೊತ್ತಾದರೆ ಕೆಲವರದ್ದು ಮತ್ತೆ ಮೊಣಕೈಗೆ ಇಳಿಯುವುದೂ ಉಂಟು. ಹತ್ತಾರು ಕಿಲೋಮೀಟರ್ ಜೊತೆಗೇ ತಂದ ವಸ್ತುವನ್ನು ಹಾಕಿಕೊಳ್ಳುವುದು ಕೊನೆಯ ಒಂದು ಕಿಲೋಮೀಟರಿನಲ್ಲಿ, ಅದೂ ಬೀಳುವ ಭಯಕ್ಕಲ್ಲ.

ನಮ್ಮ ಮನೆ ತ್ಯಾವರೆಕೊಪ್ಪದಲ್ಲಿದೆ. ಊರ ಹೆಸರು ಹೇಳಿದರೆ ಹೊರಗಿನವರು ‘ಓ, ಹುಲಿ ಸಿಂಹಧಾಮ’ ಅನ್ನುತ್ತಾರೆ. 1988ರಲ್ಲಿ ಆರಂಭವಾದ ಸಫಾರಿ ಅದು. ಅಲ್ಲಿ ಮನುಷ್ಯರು ಜಾಲರಿ ಹಾಕಿದ ವಾಹನದೊಳಗಿರುತ್ತಾರೆ, ಪ್ರಾಣಿಗಳು ಹೊರಗೆ ತಿರುಗುತ್ತವೆ. ಜಾಲರಿ ತೆಗೆಯಿರಿ, ಹುಲಿ ಕಚ್ಚಿದರೆ ನನ್ನನ್ನು ತಾನೇ ಎಂದು ಯಾರಾದರೂ ಜಗಳ ತೆಗೆದಿದ್ದನ್ನು ನಾನಂತೂ ಕೇಳಿಲ್ಲ. ಅದೇ ಜನ ಗೇಟಿನಿಂದಾಚೆ ಬಂದು, ಹೆಂಡತಿ ಮಕ್ಕಳನ್ನು ಬೈಕಿಗೆ ಹತ್ತಿಸಿಕೊಂಡು, ಬರಿತಲೆಯಲ್ಲಿ ಹೆದ್ದಾರಿಗೆ ಇಳಿಯುತ್ತಾರೆ. ಹುಲಿ ಕಣ್ಣಿಗೆ ಕಾಣುತ್ತದೆ, ಟಾರು ರಸ್ತೆ ಹಾಗೆ ಕಾಣುವುದಿಲ್ಲ.

ಈ ವಿಷಯದಲ್ಲಿ ನಮ್ಮಪ್ಪನದ್ದು ಇನ್ನೊಂದು ಕತೆ. ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆಯಲ್ಲಿ ಅವರು ಬಹಳ ವರ್ಷ ಗುತ್ತಿಗೆ ಕೆಲಸ ಮಾಡಿದವರು. ಗೇಟಿನೊಳಗೆ ಹೆಲ್ಮೆಟ್ಟಿಲ್ಲದೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಶಿಫ್ಟು ಮುಗಿದ ಮೇಲೆ ಅದನ್ನು ಗೂಟಕ್ಕೆ ನೇತುಹಾಕಿ, ಮಾಚೇನಹಳ್ಳಿ ಮೇಲೆ ಮನೆಯವರೆಗೂ ಬರಿತಲೆಯಲ್ಲಿ ಬೈಕ್ ಓಡಿಸುತ್ತಿದ್ದರು. ಯಾಕಪ್ಪಾ ಹಾಗೆ ಎಂದು ಕೇಳಿದ್ದೆ. “ಒಳಗೆ ಮೇಲಿಂದ ಎಂತದೋ ಬೀಳತ್ತೆ, ನಮ್ ಕೈಯಲ್ಲಿಲ್ಲ. ಗಾಡಿ ನಾನೇ ಓಡ್ಸೋದಲ್ವಾ?” ಅಂದರು. ಈ ಒಂದು ಮಾತಿನ ಮೇಲೆ ಸಂಶೋಧಕರು ಪ್ರಬಂಧವನ್ನೇ ಬರೆಯಬಹುದು. ಹ್ಯಾಂಡಲ್ ನಮ್ಮ ಕೈಯಲ್ಲಿದ್ದರೆ ಅಪಾಯವೂ ನಮ್ಮ ಕೈಯಲ್ಲಿದೆ ಅನ್ನಿಸುತ್ತದೆ. ಎದುರಿನ ಲಾರಿಯವನ ಸ್ಟೇರಿಂಗ್ ಯಾರ ಕೈಯಲ್ಲಿದೆ ಎಂಬ ಲೆಕ್ಕ ಅದರಲ್ಲಿ ಬರುವುದೇ ಇಲ್ಲ.

ನನ್ನ ಪಿಎಚ್.ಡಿ. ಗ್ರಾಮ ಪಂಚಾಯಿತಿಗಳ ಮೇಲೆ. ವಾರಕ್ಕೆ ಮೂರು ದಿನ ಸ್ಕೂಟಿಯಲ್ಲಿ ಶಂಕರಘಟ್ಟಕ್ಕೆ ಹೋಗುತ್ತೇನೆ, ಒಂದು ಬದಿಗೆ 40 ಕಿಲೋಮೀಟರಿನ ಆಸುಪಾಸು. ಹೆಲ್ಮೆಟ್ಟಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದಕ್ಕೆ ಸುರಕ್ಷತೆಯೊಂದೇ ಕಾರಣವಲ್ಲ. ನಮ್ಮಂಥ ಊರಲ್ಲಿ ಹುಡುಗಿ ಗಾಡಿಯಲ್ಲಿ ಹೊರಟರೆ ಹತ್ತು ಜನ ‘ಎಲ್ಲಿಗೆ ಹೊರಟಿದ್ದು?’ ಎಂದು ಕೇಳುತ್ತಾರೆ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟು ಹಾಕಿ ಕನ್ನಡಿ ಇಳಿಸಿಬಿಟ್ಟರೆ ನಾನು ಯಾರ ಮಗಳೂ ಅಲ್ಲ. ಅದರೊಳಗೆ ಹಾಡಿಕೊಳ್ಳಬಹುದು, ಗೈಡ್ ಹೇಳಿದ್ದಕ್ಕೆ ಎದುರುತ್ತರ ಕೊಡಬಹುದು, ಅಳಲೂಬಹುದು. ಹೆಲ್ಮೆಟ್ಟು ಸ್ವಾತಂತ್ರ್ಯ ಕಿತ್ತುಕೊಳ್ಳುತ್ತದೆ ಎಂದು ಗಂಡಸರು ವಾದಿಸುವಾಗ ನನಗೆ ಒಳಗೊಳಗೇ ನಗು ಬರುವುದು ಇದಕ್ಕೇ.

ಆದರೂ ಆ ವಾದವನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಅದಕ್ಕೆ ದೊಡ್ಡ ವಂಶವೇ ಇದೆ. ನೆಟ್ ಪರೀಕ್ಷೆಗೆಂದು ಉರು ಹೊಡೆದ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸೇತುವೆಯ ಉದಾಹರಣೆ ಕೊಡುತ್ತಾನೆ. ಸೇತುವೆ ಮುರಿದಿರುವುದು ಗೊತ್ತಿಲ್ಲದೆ ಒಬ್ಬ ದಾಟಲು ಹೊರಟಿದ್ದಾನೆ, ಎಚ್ಚರಿಸಲು ಸಮಯವಿಲ್ಲ ಅಂದರೆ ಹಿಡಿದು ನಿಲ್ಲಿಸಿ, ತಪ್ಪಿಲ್ಲ. ನೀರಿಗೆ ಬೀಳುವುದು ಅವನ ಇಚ್ಛೆಯಲ್ಲವಲ್ಲ. ಆದರೆ ಬೀಳುವುದು ಖಚಿತವಲ್ಲ, ಬೀಳಬಹುದು ಅಷ್ಟೇ ಎಂದಾದರೆ ಅವನಿಗೆ ಹೇಳಿ, ತಡೆಯಬೇಡಿ. ಆ ಅಪಾಯಕ್ಕೆ ಬೆಲೆ ಇದೆಯೋ ಇಲ್ಲವೋ ಎಂದು ತೂಗುವವನು ಅವನೇ. ಬೈಕು ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಮೊಣಕೈಯಲ್ಲಿ ಹೆಲ್ಮೆಟ್ಟು ಸಿಕ್ಕಿಸಿಕೊಂಡವರ ಪರವಾಗಿ ಇದಕ್ಕಿಂತ ಒಳ್ಳೆಯ ವಕೀಲ ಸಿಗಲಾರ.

ನಮ್ಮ ದೇಶದಲ್ಲಿ ಈ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವನ್ನು ಅಜಯ್ ಕಾನು ಎಂಬವರು ಪ್ರಶ್ನಿಸಿದ್ದರು. ಸಂವಿಧಾನ ಕೊಟ್ಟ ಸಂಚಾರ ಸ್ವಾತಂತ್ರ್ಯಕ್ಕೆ ಇದು ಅಡ್ಡಿ ಎಂಬುದು ಅವರ ತಕರಾರು. 1988ರಲ್ಲಿ ಕೋರ್ಟು ಒಪ್ಪಲಿಲ್ಲ. ಹೆಲ್ಮೆಟ್ಟು ಯಾರ ಓಡಾಟವನ್ನೂ ತಡೆಯುವುದಿಲ್ಲ, ಓಡಾಡುವವನ ಕ್ಷೇಮಕ್ಕೇ ಇರುವುದು ಎಂಬ ಅರ್ಥದಲ್ಲಿ ತೀರ್ಪು ಬಂತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಯೂ ಬಂತು. ಅದರ 129ನೇ ಕಲಮು ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು, ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು. (ನಮ್ಮೂರ ಸಫಾರಿಯದ್ದೂ ಅದೇ ವರ್ಷ. ಜಾಲರಿಗೂ ಹೆಲ್ಮೆಟ್ಟಿಗೂ ಒಂದೇ ಜಾತಕ.) ಕಾಯ್ದೆ ಬಂದ ಮೇಲೂ ಕರ್ನಾಟಕದಲ್ಲಿ ಹಿಂಬದಿ ಕೂರುವವರಿಗೆ ಇದು ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. 2019ರಲ್ಲಿ ಕೇಂದ್ರ ದಂಡವನ್ನು 1000 ರೂಪಾಯಿಗೆ ಏರಿಸಿದಾಗ ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿಕೊಂಡಿತು.

ಹೊರದೇಶಗಳಲ್ಲಿ ಜಗಳ ಇನ್ನೂ ಜೋರಾಗಿಯೇ ನಡೆದಿದೆ. ಬ್ರಿಟನ್ನಿನಲ್ಲಿ 1973ರಲ್ಲಿ ಹೆಲ್ಮೆಟ್ ಕಡ್ಡಾಯವಾದಾಗ ಫ್ರೆಡ್ ಹಿಲ್ ಎಂಬ ಮುದುಕ ಹಾಕಲೇ ಇಲ್ಲ. ದಂಡವನ್ನೂ ಕಟ್ಟಲಿಲ್ಲ. ಮತ್ತೆ ಮತ್ತೆ ಜೈಲಿಗೆ ಹೋಗಿ, 1984ರಲ್ಲಿ ಜೈಲುವಾಸದಲ್ಲಿದ್ದಾಗಲೇ ತೀರಿಕೊಂಡ. ಅವನ ನಿಲುವು ನನಗೆ ಒಪ್ಪಿಗೆಯಿಲ್ಲ, ಆದರೆ ಅವನ ಮೇಲೆ ಗೌರವವಿದೆ. ಅವನು ಸರ್ಕಲ್ ಹತ್ತಿರ ಬಂದಾಗ ಹಾಕಿ ಆಮೇಲೆ ತೆಗೆದವನಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಬಹುತೇಕ ರಾಜ್ಯಗಳಲ್ಲಿ ಕಡ್ಡಾಯವಿತ್ತು. 1976ರಲ್ಲಿ ಅಲ್ಲಿನ ಕಾಂಗ್ರೆಸ್ಸು ರಾಜ್ಯಗಳ ಮೇಲಿನ ಒತ್ತಡ ತೆಗೆದ ಮೇಲೆ ಹಲವು ರಾಜ್ಯಗಳು ಕಾನೂನನ್ನೇ ಕೈಬಿಟ್ಟವು. ನ್ಯೂ ಹ್ಯಾಂಪ್‌ಶೈರಿನಲ್ಲಿ ಇಂದಿಗೂ ದೊಡ್ಡವರು ಹೆಲ್ಮೆಟ್ ಹಾಕಬೇಕಿಲ್ಲ. ಅಲ್ಲಿನ ಗಾಡಿಗಳ ನಂಬರ್ ಪ್ಲೇಟಿನ ಮೇಲೆ ‘ಸ್ವತಂತ್ರವಾಗಿ ಬದುಕು, ಇಲ್ಲವೇ ಸಾಯಿ’ ಎಂಬ ಅರ್ಥದ ಘೋಷಣೆ ಇರುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕು ಎಂಬುದು ಅವರ ಎಣಿಕೆ ಇರಬೇಕು. ಮೂರನೆಯದೊಂದು ಉಂಟು. ಅದನ್ನು ನಾನು ನಮ್ಮ ಮನೆತನದಲ್ಲೇ ನೋಡಿದ್ದೇನೆ.

ನಮ್ಮ ಚಿಕ್ಕಪ್ಪ ಆರು ವರ್ಷದ ಹಿಂದೆ ಕುಂಸಿ ಕಡೆಯಿಂದ ಮನೆಗೆ ಬರುತ್ತಿದ್ದರು. ಮುಚ್ಚಂಜೆ ಹೊತ್ತು, ಸಣ್ಣ ಮಳೆ. ಅವರು ಜೋರಾಗಿ ಓಡಿಸುವವರೇ ಅಲ್ಲ. ಪಕ್ಕದ ಜೋಳದ ಹೊಲದಿಂದ ಒಂದು ಕರು ಅಡ್ಡ ಬಂತು. ಬ್ರೇಕು ಹಿಡಿದರು, ಗಾಡಿ ಜಾರಿತು, ಅಷ್ಟೇ. ಕರುವಿಗೆ ಏನೂ ಆಗಲಿಲ್ಲ. ಗಾಡಿಯ ಒಂದು ಇಂಡಿಕೇಟರ್ ಒಡೆದಿತ್ತು. ಹೆಲ್ಮೆಟ್ಟು ಎಂದಿನಂತೆ ಮೊಣಕೈಯಲ್ಲಿತ್ತು. ಅದಕ್ಕೂ ಒಂದು ಗೀರು ಬಿದ್ದಿರಲಿಲ್ಲ. ಮೊಣಕೈಯೂ ಚೆನ್ನಾಗಿಯೇ ಇತ್ತು.

ಚಿಕ್ಕಪ್ಪ ಸಾಯಲಿಲ್ಲ. ಮೂರು ವಾರಕ್ಕೆ ಕಣ್ಣು ಬಿಟ್ಟರು, ಮೂರು ತಿಂಗಳಿಗೆ ನಡೆದರು. ನೋಡಿದವರೆಲ್ಲ ‘ದೇವರು ದೊಡ್ಡವನು’ ಅಂದರು. ಆದರೆ ಮನೆಗೆ ಬಂದವರು ಹಳೆಯ ಚಿಕ್ಕಪ್ಪನಾಗಿರಲಿಲ್ಲ. ಕುಡುಗೋಲು ಬೇಕಾದಾಗ ‘ಕೊಡೆ ತಾ’ ಅನ್ನುತ್ತಾರೆ, ಕೊಡೆ ತಂದುಕೊಟ್ಟರೆ ಸಿಟ್ಟಿಗೇಳುತ್ತಾರೆ. ಮೊದಲು ಎಮ್ಮೆಗೂ ಗದರದಿದ್ದ ಮನುಷ್ಯ ಈಗ ತಟ್ಟೆ ಎಸೆಯುತ್ತಾರೆ. ಮರುಗಳಿಗೆಯಲ್ಲಿ ಅದನ್ನು ಮರೆತು ‘ಯಾಕೆ ಅಳ್ತಾ ಇದೀಯೆ?’ ಎಂದು ಚಿಕ್ಕಮ್ಮನನ್ನೇ ಕೇಳುತ್ತಾರೆ. ವಾಸನೆಯಂತೂ ಪೂರ್ತಿ ಹೋಗಿದೆ. ಮೂಗಿನ ಮೇಲ್ಭಾಗದಲ್ಲಿ ಜರಡಿಯಂಥ ತೆಳ್ಳನೆಯ ಮೂಳೆಯಿದೆಯಂತೆ, ವಾಸನೆಯ ನರಗಳು ಅದರ ತೂತುಗಳ ಮೂಲಕ ಮಿದುಳಿಗೆ ಹೋಗುತ್ತವೆ, ತಲೆಗೆ ಪೆಟ್ಟು ಬಿದ್ದಾಗ ಅವು ಅಲ್ಲೇ ಹರಿದುಹೋಗಬಹುದು ಎಂದು ಡಾಕ್ಟರು ವಿವರಿಸಿದರು. ಅಡಿಕೆ ಬೇಯುವಾಗಿನ ಚೊಗರಿನ ವಾಸನೆ ಕೇರಿಯನ್ನೆಲ್ಲ ತುಂಬಿದ್ದಾಗ ಚಿಕ್ಕಪ್ಪ ಒಲೆಯ ಪಕ್ಕದಲ್ಲೇ ಕೂತು ‘ಇನ್ನೂ ಒಲೆ ಹಚ್ಚಿಲ್ವಾ?’ ಅನ್ನುತ್ತಾರೆ.

‘ನನ್ನ ತಲೆ, ನನ್ನ ಇಷ್ಟ’ ಎಂದು ಮೊದಲು ಚಿಕ್ಕಪ್ಪನೂ ಹೇಳುತ್ತಿದ್ದರು. ಆ ತಲೆಯನ್ನು ಈಗ ನೋಡಿಕೊಳ್ಳುತ್ತಿರುವವರು ಚಿಕ್ಕಮ್ಮ. ಅವರ ಟೈಲರಿಂಗ್ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ ಆರು ವರ್ಷವಾಯಿತು. ತೋಟ ಗೇಣಿಗೆ ಹೋಗಿದೆ. ಮಂಗಳೂರಿನಲ್ಲಿ ಓದಬೇಕೆಂದಿದ್ದ ಮಗಳು ಶಿವಮೊಗ್ಗದ ಕಾಲೇಜಿಗೇ ಸೇರಿದಳು, ಸಂಜೆ ಐದಕ್ಕೆ ಮನೆಗೆ ಬರಲೇಬೇಕು. ಇವರ್ಯಾರೂ ಅಪಾಯವನ್ನು ತೂಗಿ ನೋಡಿದವರಲ್ಲ. ಮಿಲ್‌ನ ಸೇತುವೆಯ ಮೇಲೆ ಒಬ್ಬನೇ ನಡೆಯುತ್ತಾನೆ. ನಮ್ಮ ಸೇತುವೆಗಳ ಮೇಲೆ ಸಂಸಾರ ಸಮೇತ ದಾಟುತ್ತೇವೆ. ಮಿಲ್ ಪಾಪ, ಇನ್ನೊಬ್ಬರಿಗೆ ಖಚಿತ ಬಾಧ್ಯತೆ ಇರುವವನ ವಿಷಯ ಬೇರೆ ಎಂದು ಅದೇ ಪುಸ್ತಕದಲ್ಲಿ ಹೇಳಿದ್ದಾನೆ. ಆ ಭಾಗವನ್ನು ವಾದಕ್ಕೆ ಬಳಸುವವರು ಕಡಿಮೆ.

ಹೆಲ್ಮೆಟ್ಟಿನ ವಿಜ್ಞಾನ ಶುರುವಾದದ್ದೂ ಒಬ್ಬ ಸವಾರನ ಸಾವಿನಿಂದ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ, ಆರು ದಿನಕ್ಕೆ ಸತ್ತ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕನಿದ್ದ. ಆಮೇಲೆ ಆತ ಸೇನೆಯ ಬೈಕ್ ಸವಾರರ ತಲೆಗಾಯಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಲೇಖನ ಬರೆದ. ಅಲ್ಲಿಂದ ಕಾನೂನು ಬರಲು 32 ವರ್ಷ ಹಿಡಿಯಿತು. ಹಲವಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2008ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ಟು ಅಪಘಾತದಲ್ಲಿ ಸಾವಿನ ಸಾಧ್ಯತೆಯನ್ನು ಶೇ. 42ರಷ್ಟು, ತಲೆಗಾಯದ ಸಾಧ್ಯತೆಯನ್ನು ಶೇ. 69ರಷ್ಟು ತಗ್ಗಿಸುತ್ತದೆ. ಎರಡನೆಯ ಅಂಕಿಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಚಿಕ್ಕಪ್ಪ ಇರುವುದು ಅದರೊಳಗೆ.

ಇದನ್ನು ಮಾಡುವುದು ಹೊರಗಿನ ಹೊಳೆಯುವ ಚಿಪ್ಪು ಒಂದೇ ಅಲ್ಲ. ಒಳಗೊಂದು ಬಿಳಿ ಥರ್ಮಾಕೋಲಿನ ಪದರ ಇರುತ್ತದೆ. ತಲೆ ನೆಲಕ್ಕೆ ಬಡಿದಾಗ ಅದು ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ತಿನ್ನುತ್ತದೆ, ತಲೆ ನಿಲ್ಲುವುದನ್ನು ಕೆಲವು ಮಿಲಿಸೆಕೆಂಡು ನಿಧಾನ ಮಾಡುತ್ತದೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು ಅನ್ನುವುದು ಇದಕ್ಕೇ. ರಸ್ತೆ ಬದಿ ಹಗ್ಗಕ್ಕೆ ನೇತುಹಾಕಿ ಮಾರುವ ಅಗ್ಗದ ಟೋಪಿಗಳಲ್ಲಿ ಎಷ್ಟೋ ಸಲ ಆ ಪದರದ ಜಾಗದಲ್ಲಿ ಬರೀ ಸ್ಪಂಜು ಇರುತ್ತದೆ. ಐಎಸ್‌ಐ ಗುರುತಿಲ್ಲದ್ದನ್ನು ಮಾರುವಂತಿಲ್ಲ ಎಂದು 2021ರ ಜೂನ್ 1ರಿಂದ ಕಾನೂನಿದೆ. ಆದರೂ ಜನ ಅದನ್ನೇ ಕೊಳ್ಳುತ್ತಾರೆ, ಯಾಕೆಂದರೆ ಅವರು ಕೊಳ್ಳುತ್ತಿರುವುದು ಸರ್ಕಲ್ ದಾಟುವ ಪಾಸು. ಇಲ್ಲಿ ಜನರನ್ನಷ್ಟೇ ಬೈಯುವುದು ನನಗೆ ಸರಿಯೆನಿಸುವುದಿಲ್ಲ. ಹೆಲ್ಮೆಟ್ಟನ್ನು ನಮಗೆ ಪರಿಚಯಿಸಿದ್ದೇ ರಸೀದಿ ಪುಸ್ತಕ. ಬಣ್ಣ ಬಳಿಯದ ಹಂಪು, ದೀಪವಿಲ್ಲದ ತಿರುವು, ಮಳೆಗಾಲಕ್ಕೊಮ್ಮೆ ಬಾಯಿ ತೆರೆಯುವ ಗುಂಡಿ, ಇವಕ್ಕೆಲ್ಲ ಯಾರೂ ಸ್ಥಳದಲ್ಲೇ ದಂಡ ಹಾಕಿದ್ದಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಎಕ್ಸೆಲ್‌ನಲ್ಲಿ ಡೇರಿಗೆ ಹೊರಟವನಿಗೆ 500 ರೂಪಾಯಿ ಒಂದು ದಿನದ ಹಾಲಿನ ದುಡ್ಡು. ಅವನಿಗೆ ಸರ್ಕಾರ ತನ್ನ ತಲೆಯ ಕಾಳಜಿಗೆ ನಿಂತಿದೆ ಅನ್ನಿಸದಿದ್ದರೆ ಆಶ್ಚರ್ಯವಿಲ್ಲ. ಕಾನೂನು ಇರಲಿ ಎಂಬ ಪಕ್ಷದವಳು ನಾನು. ಆದರೆ ದಂಡದ ರಸೀದಿಯ ಜೊತೆ ಒಂದು ಒಳ್ಳೆಯ ಹೆಲ್ಮೆಟ್ಟನ್ನೂ ಕೊಟ್ಟು ಕಳಿಸಿದರೆ ಏನು ಹೋಗುತ್ತದೆ ಎಂದು ಎಷ್ಟೋ ಸಲ ಅನ್ನಿಸಿದೆ.

ಇನ್ನು ನಮ್ಮಮ್ಮ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಮಂದಿ ಹಿಂದೆ ಕೂತವರು ಎಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಈ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. “ಅವ್ರಿಗೆಲ್ಲ ಓಡ್ಸೋಕೆ ಬರ್ತಿರ್ಲಿಲ್ಲ ಅನ್ಸತ್ತೆ. ನೀ ಚಂದ ಓಡ್ಸ್ತೀಯಲ್ಲೆ” ಅಂದರು. ಅಪ್ಪನ ಕಾರ್ಖಾನೆಯ ತರ್ಕವೇ, ಹಿಂದಿನ ಸೀಟಿಗೆ ಬಂದಿತ್ತು. ಅಮ್ಮನ ನಿಜವಾದ ತೊಂದರೆ ಬೇರೆ. ಅವರದ್ದು ದೊಡ್ಡ ತುರುಬು, ಅದರ ಮೇಲೆ ಹೂವು. ಅಂಗಡಿಗೆ ಹೋದರೆ ‘ಲೇಡೀಸ್ ಹೆಲ್ಮೆಟ್ಟು’ ಎಂದು ಹಿಂದೆ ಅರ್ಧಚಂದ್ರ ಕತ್ತರಿಸಿದ ಗುಲಾಬಿ ಬಣ್ಣದ ಟೋಪಿ ತೋರಿಸುತ್ತಾರೆ. ಹೆಂಗಸರ ತಲೆಯ ಹಿಂಭಾಗ ಒಡೆಯುವುದಿಲ್ಲ ಎಂದು ಯಾರು ತೀರ್ಮಾನಿಸಿದರೋ! ಗಟ್ಟಿಯಾದ ಪೂರ್ತಿ ಹೆಲ್ಮೆಟ್ಟು ಕೇಳಿದರೆ ಸಣ್ಣ ಅಳತೆಯದ್ದು ಇರುವುದಿಲ್ಲ. ಗಂಡಸರ ಅಳತೆಯದ್ದು ಅಮ್ಮನ ತಲೆಯ ಮೇಲೆ ಗಡಿಗೆ ಬೋರಲು ಹಾಕಿದ ಹಾಗೆ ತಿರುಗುತ್ತದೆ. ಆಯ್ಕೆಯ ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಒಮ್ಮೆ ನಮ್ಮಮ್ಮನ ಜೊತೆ ಹೆಲ್ಮೆಟ್ ಅಂಗಡಿಗೆ ಬರಬೇಕು.

ಈಗ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಸಾಗರ ರಸ್ತೆಗೆ ಇಳಿದರೆ ತುರುಬು ಬಿಚ್ಚಿ ಜಡೆ, ಹೂವು ಪರ್ಸಿನಲ್ಲಿ, ತಲೆಗೆ ಹೆಲ್ಮೆಟ್ಟು. ಊರೊಳಗಿನ ದೇವಸ್ಥಾನಕ್ಕೆ ಮಾತ್ರ ಬೇಡ ಎಂಬುದು ಅಮ್ಮನ ಹಟ. ಅಲ್ಲೂ ಬೇಕು ಎಂಬುದು ನನ್ನದು. ಆ ಮಾತುಕತೆ ಇನ್ನೂ ನಡೆಯುತ್ತಿದೆ. ಚಿಕ್ಕಮ್ಮ ಮಧ್ಯೆ ಬಂದು “ಅಕ್ಕಾ, ಸುಮ್ನೆ ಹಾಕ್ಕೊ ಮಾರಾಯ್ತಿ” ಅಂದದ್ದಕ್ಕೆ ಅಮ್ಮ ಒಂದು ಮಾತೂ ಆಡಲಿಲ್ಲ. ಸಣ್ಣ ಅಳತೆಯ, ಐಎಸ್‌ಐ ಗುರುತಿನ, ಹಿಂದೆ ಕತ್ತರಿಸದ ಹೆಲ್ಮೆಟ್ಟು ಬೇಕೆಂದು ಮುಂಗಡ ಕೊಟ್ಟು ಬಂದಿದ್ದೇನೆ. ಮುಂದಿನ ವಾರ ತರಿಸಿಕೊಡುತ್ತೇವೆ ಎಂದಿದ್ದಾರೆ ಅಂಗಡಿಯವರು. ಬಣ್ಣ ಯಾವುದಾದರೂ ಆದೀತು, ಗುಲಾಬಿ ಮಾತ್ರ ಬೇಡ ಎಂದು ಅಮ್ಮ ಹೇಳಿಕಳಿಸಿದ್ದಾರೆ.