ಗಾಜಿನ ಮೇಲಣ ವಾದ್ಯ



ನಮ್ಮ ಪಾಠಶಾಲೆಯ ಬೆಳಗಿನ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು ನಾನೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಶಾಲೆಯಲ್ಲಿ ಗೀತೆಗಳಿಗೂ, ಮನೆಯಲ್ಲಿ ತಂದೆಯವರ ಕೀರ್ತನೆಗಳಿಗೂ ಅದೇ ವಾದ್ಯವನ್ನು ನುಡಿಸಿ ಬೆಳೆದೆನು. 2019ರಲ್ಲಿ ಪಾರ್ಶ್ವವಾಯು ತಗಲಿ ಎಡಗೈ ಬಲಗುಂದಿತು. ಬಲಗೈ ಸ್ವರಗಳ ಮೇಲೆ ಆಡಬೇಕಾದರೆ ಎಡಗೈ ತಿದಿಯನ್ನು ಒತ್ತುತ್ತಿರಬೇಕಷ್ಟೆ. ತಿದಿ ನಿಂತಿತು, ನಾದವೂ ನಿಂತಿತು. ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಇನ್ನು ಸಾಕೆಂದುಕೊಂಡೆನು.

2020ರ ಮಾರ್ಚಿಯಲ್ಲಿ, ಮಹಾಮಾರಿಯ ದೆಸೆಯಿಂದ ಎಲ್ಲರೂ ಮನೆಯೊಳಗೆ ಸೇರಿದ್ದಾಗ, ಮೊಮ್ಮಗಳು ತನ್ನ ಐಪ್ಯಾಡಿಗೆ ಮಿನಿಮೋಗ್ ಮಾಡೆಲ್ ಡಿ ಎಂಬ ಆ್ಯಪನ್ನು ಇಳಿಸಿಕೊಂಡು ನನ್ನ ಮುಂದಿಟ್ಟಳು. ಆಗ ಅದನ್ನು ಕೆಲವು ಕಾಲ ಉಚಿತವಾಗಿ ಕೊಡುತ್ತಿದ್ದರು. ಅಮೆರಿಕದ ರಾಬರ್ಟ್ ಮೋಗ್ ಎಂಬವರ ಸಂಸ್ಥೆಯು 1970ರಲ್ಲಿ ಹೊರತಂದ ವಿದ್ಯುದ್ವಾದ್ಯದ ಪ್ರತಿರೂಪವಿದು. ಮೂಲವಾದ್ಯದಲ್ಲಿ ಮೂರು ಆಂದೋಲಕಗಳು ನಾದವನ್ನು ಹುಟ್ಟಿಸುವುವು. ಶೋಧಕವೊಂದು ಅದರ ತೀಕ್ಷ್ಣತೆಯನ್ನು ಸೋಸುವುದು. ಆ್ಯಪಿನಲ್ಲಾದರೋ ಅದೇ ಕೆಲಸವೆಲ್ಲ ಸೆಕೆಂಡಿಗೆ ಸಾವಿರಾರು ಸಲ ಲೆಕ್ಕವಾಗಿ ನಡೆದು, ಆ ಅಂಕಿಗಳೇ ನಾದವಾಗಿ ಹೊರಡುತ್ತವೆ. ರೀಡಿಲ್ಲ, ತಿದಿಯ ಹಂಗೂ ಇಲ್ಲ.

ಮೊದಲು ನನಗೆ ಬೇಸರವೇ ಆಯಿತು. ಗಾಜಿನ ಮೇಲೆ ಬಿಡಿಸಿದ ಕರಿ ಬಿಳಿ ಕೀಲಿಗಳು ಒತ್ತಿದರೆ ತಗ್ಗುವುದಿಲ್ಲ. ಕಣ್ಣು ಮುಚ್ಚಿದರೆ ಬೆರಳಿಗೆ ದಾರಿ ತಿಳಿಯದು. "ನೋಡಿಕೊಂಡು ನುಡಿಸಜ್ಜೀ" ಎಂದಳು. ಅರುವತ್ತು ವರ್ಷ ನೋಡದೆಯೇ ನುಡಿಸಿದವಳಿಗೆ ಈ ಉಪದೇಶ!

ಆದರೆ ಕೀಲಿಗಳ ಎಡಬದಿಯಲ್ಲಿ, ಸ್ವರವನ್ನು ಮೇಲಕ್ಕೂ ಕೆಳಕ್ಕೂ ಬಗ್ಗಿಸುವ ಚಕ್ರವೊಂದಿತ್ತು. ಹಾರ್ಮೋನಿಯಮ್ಮಿನಲ್ಲಿ ಗಮಕ ನುಡಿಯದೆಂಬ ಆಕ್ಷೇಪಣೆ ಹಳೆಯದು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹೊರಗಿಟ್ಟ ಆ ವಾದ್ಯವು 1971ರವರೆಗೂ ಹೊರಗೇ ಇತ್ತು. ತೋಡಿಯ ಗಾಂಧಾರ ಬಂದಾಗಲೆಲ್ಲ ತಂದೆಯವರ ಕಂಠ ತೂಗುತ್ತಿತ್ತು, ನನ್ನ ಪೆಟ್ಟಿಗೆ ನೆಟ್ಟಗೆ ನಿಂತಿರುತ್ತಿತ್ತು. ನಾನು ಅಲ್ಲಿ ಕೈಯೆತ್ತಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಂಡಿದ್ದೆನು.

ಗಾಜಿನ ಚಕ್ರವನ್ನು ತಿರುಗಿಸಲು ಬಲವೇನೂ ಬೇಡ. ನನ್ನ ಎಡಗೈಯ ತೋರುಬೆರಳೊಂದು ಅಷ್ಟಿಷ್ಟು ಅಲುಗುತ್ತಿತ್ತು. ಬಲಗೈಯಲ್ಲಿ ಗಾಂಧಾರವನ್ನು ಹಿಡಿದು, ಆ ಬೆರಳನ್ನು ಚಕ್ರದ ಮೇಲಿಟ್ಟು ತುಸು ಜಾರಿಸಿದೆನು. ಸ್ವರ ತೂಗಿತು. ಮೊಮ್ಮಗಳಿಗೆ ಅದೊಂದು ವಿಶೇಷವೆನಿಸಲಿಲ್ಲ. ನಾನು ಮಾತ್ರ ಮತ್ತೆ ಮತ್ತೆ ಅದನ್ನೇ ನುಡಿಸಿದೆನು.

ವೀಣೆಯನ್ನು ಕೇಳಿದವರು ಇದನ್ನು ಗಮಕವೆನ್ನಲಾರರು. ಬ್ಯಾಟರಿ ಮುಗಿದರೆ ಪಲ್ಲವಿಯ ನಡುವೆಯೇ ಮೌನ. ಹಾರ್ಮೋನಿಯಂ ನನಗೆ ಈ ಅಪಮಾನವನ್ನೆಂದೂ ಮಾಡಿರಲಿಲ್ಲ. ಆದಾಗ್ಯೂ ಪ್ರತಿ ಸಂಜೆ ಅರ್ಧ ಗಂಟೆ ಆ ಬೆರಳಿಗೆ ಕೆಲಸ ಕೊಟ್ಟೆನು. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಪಕ್ಕದ ಬೆರಳೂ ಅದರ ಜೊತೆಗೆ ಏಳತೊಡಗಿತು.